ವಿರಾಜಪೇಟೆಯ ಬೆಳ್ಳಿ ಅಂಗಡಿಯಲ್ಲಿ ಯಹೂದಿಗಳ ‘ಯಾದ್’ ರಿಪೇರಿ

ನಮ್ಮ ಹೋಂಸ್ಟೇಗೆ ಬಂದಿದ್ದ ಇಸ್ರೇಲಿನ ಅತಿಥಿಯೊಬ್ಬರ ಹತ್ತಿರ ಗೇಣುದ್ದದ ಬೆಳ್ಳಿ ಕಡ್ಡಿ ಇತ್ತು, ತುದಿಯಲ್ಲಿ ತೋರುಬೆರಳು ಚಾಚಿದ ಪುಟ್ಟ ಕೈ, ಆದರೆ ಸರಪಳಿ ತುಂಡಾಗಿತ್ತು. ಇದೇ ಯಾದ್. ಹೀಬ್ರೂನಲ್ಲಿ ಕೈ ಅಂತಲೇ ಅರ್ಥ. ತೋರಾ ಅಂದರೆ ಯಹೂದಿಗಳ ಧರ್ಮಗ್ರಂಥ, ಚರ್ಮದ ಸುರುಳಿಯ ಮೇಲೆ ಕೈಯಲ್ಲೇ ಬರೆದದ್ದು, ಓದುವಾಗ ಬೆರಳು ತಾಗಿಸುವ ಹಾಗಿಲ್ಲ, ಅದಕ್ಕೆ ಈ ಕಡ್ಡಿಯಿಂದ ಸಾಲು ತೋರಿಸುತ್ತಾ ಓದುತ್ತಾರೆ.

ವಿರಾಜಪೇಟೆಯ ಹಳೇ ಅಂಗಡಿಯೊಂದಕ್ಕೆ ಒಯ್ದೆ. ಕೊಡವರು ಸೊಂಟಕ್ಕೆ ಸಿಕ್ಕಿಸುವ ಪೀಚೆಕತ್ತಿಯ ಸರಪಳಿ ಮಾಡಿ ಪಳಗಿದ ಕೈ ಅಲ್ವಾ, ಹೊಸ ಕೊಂಡಿ ಯಾವುದು ಅಂತ ನನಗೆ ಗೊತ್ತೇ ಆಗಲಿಲ್ಲ. ಜಾಸ್ತಿ ಪಾಲಿಶ್ ಬೇಡ ಅಂದಿದ್ದೆ, ಅದನ್ನೂ ಕೇಳಿದರು. ಎರಡು ದಿನ ಅಂದವರು ಐದು ದಿನ ಮಾಡಿದ್ದು ಮಾತ್ರ ಬೇಜಾರು. ಹುತ್ತರಿ ಹಬ್ಬ ಹತ್ತಿರ ಬಂತು ಅನ್ನುವ ನೆಪ. ಬಿಲ್ ಕೇಳಿದರೆ ಸುಮ್ನೆ ಮುಖ ನೋಡಿದರು.

ಕೊಡುವ ದಿನ ಅತಿಥಿಯೂ ಬಂದು ಅಕ್ಕಸಾಲಿಗೆ ಫೋಟೋ ತೋರಿಸಿದರು. ಯುರೋಪಿನ ಯಹೂದಿಗಳು ಸುರುಳಿಗೆ ಮಖಮಲ್ಲಿನ ಹೊದಿಕೆ ಹಾಕಿ ಅದರ ಮೇಲೆ ಬೆಳ್ಳಿ ಫಲಕ ತೂಗುಹಾಕುತ್ತಾರೆ, ಇರಾಕ್ ಕಡೆಯವರು ಗಟ್ಟಿ ಪೆಟ್ಟಿಗೆಯಲ್ಲಿ ಸುರುಳಿಯನ್ನು ನಿಲ್ಲಿಸಿಯೇ ಓದುತ್ತಾರೆ. ನಮ್ಮ ಪಕ್ಕದ ಕೊಚ್ಚಿಯಲ್ಲೂ ಪೆಟ್ಟಿಗೆಯೇ. ಅಲ್ಲಿನ ಮಟ್ಟಾಂಚೇರಿ ಸಿನಗಾಗ್, ಅಂದರೆ ಯಹೂದಿಗಳ ಪ್ರಾರ್ಥನಾ ಮಂದಿರ, 1568ರದ್ದು. ಸುರುಳಿಯ ಮೇಲ್ತುದಿಗೆ ಇಡುವ, ಗೆಜ್ಜೆ ಕಟ್ಟಿದ ಬೆಳ್ಳಿ ಕಳಶಗಳಿಗೆ ರಿಮ್ಮೋನಿಮ್, ಅಂದರೆ ದಾಳಿಂಬೆಗಳು, ಅಂತ ಹೆಸರು. ಅಕ್ಕಸಾಲಿ ಆ ಫೋಟೋವನ್ನೇ ಹಿಗ್ಗಿಸಿ ನೋಡುತ್ತಾ ‘ಗೆಜ್ಜೆ ನಾನೂ ಮಾಡ್ತೀನಿ, ಅಳತೆ ಕಳಿಸಿ’ ಅಂದರು. ಅಳತೆ ಬಂದರೆ ಹುತ್ತರಿ ಮುಗಿದ ಮೇಲೇ ಕೊಡುವುದು ಒಳ್ಳೆಯದು.