ದೀಕ್ಷಾ ಆ್ಯಪ್: ಏಳು ವರ್ಷ ಬಳಸಿದ ಕಾಸರಗೋಡಿನ ವಿಜ್ಞಾನ ಟೀಚರ್ ಹೇಳುವುದು

ನನ್ನ ಮೇಜಿನ ಡ್ರಾಯರಿನಲ್ಲಿ ಇನ್ನೂರು ಪುಟದ ನೋಟ್‌ಬುಕ್ ಒಂದಿದೆ. ಎಡಗಡೆ ಕೇರಳದ ಕನ್ನಡ ಮಾಧ್ಯಮ ಪುಸ್ತಕದ ಪಾಠಗಳ ಹೆಸರು, ಬಲಗಡೆ ಆರಾರು ಅಕ್ಷರ, ಅಂಕೆಗಳ ಸಂಕೇತಗಳು. ಶಾಲಾ ಪಾಠಗಳಿಗೆಂದೇ ಇರುವ, ಕೇಂದ್ರ ಶಿಕ್ಷಣ ಸಚಿವಾಲಯದ ದೀಕ್ಷಾ ಆ್ಯಪನ್ನು ನಾನು ಬಳಸುವುದು ಈ ನೋಟ್‌ಬುಕ್ಕನ್ನು ಪಕ್ಕದಲ್ಲಿಟ್ಟುಕೊಂಡು. ಆದ್ದರಿಂದ ಬೆಂಗಳೂರು, ಮೈಸೂರಿನವರಿಗೆ ನನ್ನ ಈ ವಿಮರ್ಶೆ ಅಷ್ಟಾಗಿ ಉಪಯೋಗಕ್ಕೆ ಬಾರದು.

ದೀಕ್ಷಾ ಶುರುವಾದದ್ದು 2017ರ ಸೆಪ್ಟೆಂಬರ್ 5ರಂದು. ನಾನು ಹಾಕಿಕೊಂಡದ್ದು ಮರುವರ್ಷ, ಬದಿಯಡ್ಕ ಪೇಟೆಯಲ್ಲಿ ಬಸ್ಸಿಗೆ ಕಾಯುತ್ತಿದ್ದಾಗ. ತೆರೆದೊಡನೆ ನಿಮ್ಮ ಬೋರ್ಡು ಯಾವುದು, ಮಾಧ್ಯಮ ಯಾವುದು, ತರಗತಿ ಯಾವುದು ಎಂದು ವಿಚಾರಿಸಿತು. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರುವಾಗ ನೀನು ಯಾವ ಕಡೆ ಎಂದು ನನ್ನ ಅಜ್ಜನನ್ನು ಯಾರೂ ಕೇಳಿರಲಿಲ್ಲ. ಈ ಆ್ಯಪ್ ನನ್ನನ್ನಾದರೂ ಕೇಳಿತಲ್ಲ ಎಂದು ನಗು ಬಂತು.

ಉತ್ತರ ಕೊಡುವುದು ಮಾತ್ರ ಸುಲಭವಾಗಿರಲಿಲ್ಲ. ಶಿಕ್ಷಣ 1976ರ ತಿದ್ದುಪಡಿಯಿಂದ ಕೇಂದ್ರ, ರಾಜ್ಯ ಎರಡಕ್ಕೂ ಸೇರಿದ ವಿಷಯ. ದೀಕ್ಷಾ ಕೂಡ ಹಾಗೆಯೇ: ಅಂಗಡಿ ಕಟ್ಟಿಸಿದ್ದು ಕೇಂದ್ರ, ಕಪಾಟುಗಳಲ್ಲಿ ಸಾಮಾನು ತುಂಬಿಸುವವು ರಾಜ್ಯಗಳು. ಕನ್ನಡದ ಪಾಠ ಎಂದರೆ ಸಹಜವಾಗಿ ಕರ್ನಾಟಕದ ಕಪಾಟು. ನನ್ನ ಮಕ್ಕಳು ಬರೆಯುವುದು ಕೇರಳದ ಎಸ್‌ಎಸ್‌ಎಲ್‌ಸಿ. ಎರಡು ದಿನ ಯೋಚಿಸಿ ಬೋರ್ಡಿನ ಜಾಗದಲ್ಲಿ ಕರ್ನಾಟಕ ಎಂದೇ ಒತ್ತಿದೆ. ಆ್ಯಪಿನ ಪಾಲಿಗೆ ನಾನು ಏಳು ವರ್ಷಗಳಿಂದ ಕರ್ನಾಟಕದವಳು.

ಗಡಿಯಾಚೆ ಕರ್ನಾಟಕದ ವಿಟ್ಲದಲ್ಲಿರುವ ಅಕ್ಕನ ಮಗಳು ಹತ್ತನೆಯ ತರಗತಿ ಮುಗಿಸಿದಾಗ ಅವಳ ವಿಜ್ಞಾನ ಪುಸ್ತಕಗಳನ್ನು ರದ್ದಿಗೆ ಹಾಕಲು ಬಿಡದೆ ಎತ್ತಿಕೊಂಡು ಬಂದೆ. ಅವುಗಳಲ್ಲಿ ಪಾಠದ ಬಳಿ ಕ್ಯೂಆರ್ ಚೌಕ, ಅದರ ಕೆಳಗೆ ಆರು ಅಕ್ಷರಗಳ ಸಂಕೇತ. ನನ್ನ ಫೋನಿನ ಕ್ಯಾಮೆರಾಕ್ಕೆ ಗೀರು ಬಿದ್ದಿದ್ದರಿಂದ ಚೌಕ ಹಿಡಿಯುತ್ತಿರಲಿಲ್ಲ. ಆದರೆ ಆ ಆರು ಅಕ್ಷರಗಳನ್ನು ಟೈಪು ಮಾಡಿದರೂ ಪಾಠ ತೆರೆದುಕೊಳ್ಳುತ್ತದೆ. ಈ ಆ್ಯಪಿನಲ್ಲಿ ನನಗೆ ಅತಿ ಇಷ್ಟವಾದ ಸೌಕರ್ಯ ಇದೇ. ಪುಸ್ತಕ ಕೈಯಲ್ಲಿ ಇರಬೇಕೆಂದೇ ಇಲ್ಲ, ಆರು ಅಕ್ಷರ ಗೊತ್ತಿದ್ದರೆ ಸಾಕು.

ನೋಟ್‌ಬುಕ್ ಹುಟ್ಟಿದ್ದು ಹಾಗೆ. ಜೋಡಿಸುವುದೇ ಕಷ್ಟ. ಕರ್ನಾಟಕದವರಿಗೆ ವಿಜ್ಞಾನವೆಂಬುದು ಒಂದೇ ವಿಷಯ. ನಮ್ಮ ಹೈಸ್ಕೂಲಿನಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರಕ್ಕೆ ಬೇರೆ ಬೇರೆ ಪುಸ್ತಕ. ಬೆಳಕಿನ ಪ್ರತಿಫಲನ, ವಕ್ರೀಭವನ ಎರಡೂ ಅವರಲ್ಲಿ ಒಂದೇ ಅಧ್ಯಾಯ. ನಮ್ಮ ಹತ್ತನೆಯ ತರಗತಿಯ ಹಳೆಯ ಪುಸ್ತಕದಲ್ಲಿ ಅವು ಎರಡು. ಹೀಗಾಗಿ ಒಂದು ಸಂಕೇತದ ಎದುರು ಎರಡು ಪಾಠ, ಜತೆಗೆ ಎಷ್ಟನೆಯ ನಿಮಿಷಕ್ಕೆ ನಿಲ್ಲಿಸಬೇಕು ಎಂಬ ಟಿಪ್ಪಣಿ. ಕೆಲವು ವೀಡಿಯೊಗಳ ಎದುರು ಕೆಂಪು ಗೀಟು ಎಳೆದಿದ್ದೇನೆ: ಪುಸ್ತಕದ ಸಾಲುಗಳನ್ನೇ ಪರದೆಯ ಮೇಲೆ ತಂದು ಓದಿದರೆ ಅದನ್ನು ನಾನೇ ಓದಬಹುದು. ಒಂದು ಕೈ ಬಂದು ಗಾಜಿನ ಲೋಟಕ್ಕೆ ಪೆನ್ಸಿಲು ಇಳಿಸಿ ಮುರಿದಂತೆ ತೋರಿಸುವ ವೀಡಿಯೊ ಇದ್ದರೆ ನಕ್ಷತ್ರ ಗುರುತು.

ನನ್ನ ತರಗತಿಯಲ್ಲಿ ಮನೆಯ ಮಾತು ತುಳು ಇರುವವರೇ ಹೆಚ್ಚು. ಬ್ಯಾರಿ, ಮರಾಠಿ, ಹವ್ಯಕ, ಮಲಯಾಳಂ ಮಾತನಾಡುವವರೂ ಇದ್ದಾರೆ. ಪುಸ್ತಕದ ಕನ್ನಡ ಹಲವರಿಗೆ ಶಾಲೆಯ ಗೇಟಿನೊಳಗೆ ಮಾತ್ರ ಸಿಗುವ ಭಾಷೆ. ಒಮ್ಮೆ ವೀಡಿಯೊ ಹಾಕಿದಾಗ ಹಿಂದಿನ ಬೆಂಚಿನ ಹುಡುಗನೊಬ್ಬ, “ಟೀಚರ್, ಇವರಿಗೆ ಬಸ್ಸಿಗೆ ಹೊತ್ತಾಗಿದೆಯಾ?” ಎಂದ. ಅಂದಿನಿಂದ ಮೂರು ವಾಕ್ಯಕ್ಕೊಮ್ಮೆ ನಿಲ್ಲಿಸಿ, ಅರ್ಥವಾಯಿತೇ ಎಂದು ತುಳುವಿನಲ್ಲಿ ಕೇಳಿ, ಮುಂದೆ ಹೋಗುತ್ತೇನೆ. ಹತ್ತು ನಿಮಿಷದ ವೀಡಿಯೊ ಒಂದು ಪೂರ್ತಿ ಪೀರಿಯಡ್ ತಿನ್ನುತ್ತದೆ. ಅದರಿಂದ ನಷ್ಟವೇನೂ ಇಲ್ಲ.

ಮಳೆಗಾಲದಲ್ಲಿ ಈ ಆ್ಯಪಿಗೆ ಬೆಲೆ ಹೆಚ್ಚು. ಒಂದು ಜುಲೈಯಲ್ಲಿ ನಮ್ಮ ಗುಡ್ಡದ ಮೊಬೈಲ್ ಟವರು ನಾಲ್ಕು ದಿನ ಸತ್ತುಹೋಗಿತ್ತು. ಕಂಪನಿಯ ಹೆಸರು ಬೇಡ, ಎಲ್ಲ ಕಂಪನಿಗಳಿಗೂ ಅಡಿಕೆ ತೋಟದ ಮೇಲೆ ಒಂದೇ ಬಗೆಯ ಅಸಡ್ಡೆ. ಪೇಟೆಯಲ್ಲಿ ಮೊದಲೇ ಇಳಿಸಿಕೊಂಡಿದ್ದ ಪಾಠಗಳು ಆಗ ಕೈ ಬಿಡಲಿಲ್ಲ. ಸಲಹೆಯೆಂದರೆ, ಭಾನುವಾರ ವಾರದ ಪಾಠಗಳನ್ನು ಇಳಿಸಿಡಿ, ಮುಗಿದವನ್ನು ಅಳಿಸಿ. ಇಲ್ಲವಾದರೆ ಫೋನು ತುಂಬಿ ಮದುವೆಯ ಫೋಟೋಗಳಿಗೂ ಜಾಗವಿರುವುದಿಲ್ಲ.

ಕೊರೊನಾ ಕಾಲದ ಕತೆ ಚಿಕ್ಕದು. 2020ರ ಜೂನ್ 1ರಿಂದ ಕೇರಳ ಸರ್ಕಾರದ ಶೈಕ್ಷಣಿಕ ಟಿವಿ ವಿಕ್ಟರ್ಸ್ ಚಾನೆಲಿನ ಫಸ್ಟ್ ಬೆಲ್ ತರಗತಿಗಳು ಶುರುವಾದ ಮೇಲೆ ದೀಕ್ಷಾ ನನಗೆ ಎರಡನೆಯ ಆಸರೆಯಾಯಿತು. ಅದೇ ವರ್ಷ ಮಾನವ ಸಂಪನ್ಮೂಲ ಸಚಿವಾಲಯ 1985ಕ್ಕಿಂತ ಮೊದಲಿನ ಶಿಕ್ಷಣ ಎಂಬ ಹೆಸರಿಗೆ ಮರಳಿತು. ಫೋನಿನಲ್ಲಿ ನನಗೇನೂ ವ್ಯತ್ಯಾಸ ಕಾಣಲಿಲ್ಲ.

ಐದರಲ್ಲಿ ಮೂರೂವರೆ ನಕ್ಷತ್ರ ಕೊಡುತ್ತೇನೆ. ದುಡ್ಡಿಲ್ಲ, ಜಾಹೀರಾತಿಲ್ಲ, ಲಾಗಿನ್ ಮಾಡದೆಯೂ ಪಾಠ ನೋಡಬಹುದು. ಉಳಿದ ಒಂದೂವರೆಯನ್ನು ತಡೆಹಿಡಿದದ್ದು ಆ ಮೊದಲ ಪ್ರಶ್ನೆಗಾಗಿ. ಭಾಷೆಯನ್ನು ಮೊದಲು ಕೇಳಿ ರಾಜ್ಯವನ್ನು ಆಮೇಲೆ ಕೇಳಿದ್ದರೆ ನನಗೆ, ತಮಿಳುನಾಡಿನ ತಾಳವಾಡಿಯವರಿಗೆ, ಮಹಾರಾಷ್ಟ್ರದ ಜತ್ತ, ಅಕ್ಕಲಕೋಟೆಯ ಕನ್ನಡ ಶಾಲೆಗಳವರಿಗೆ ಒಂದೇ ಬಾಗಿಲು ಸಾಕಾಗುತ್ತಿತ್ತು.

2025ರಲ್ಲಿ ನಮ್ಮ ಹತ್ತನೆಯ ತರಗತಿಗೆ ಹೊಸ ಪುಸ್ತಕ ಬಂದಿದೆ. ನೋಟ್‌ಬುಕ್ಕಿನ ಎಡಗಡೆಯೆಲ್ಲ ಒಂದೇ ಏಟಿಗೆ ಹಳೆಯದಾಯಿತು. ಬಲಗಡೆಯ ಸಾಲುಗಳನ್ನು ಕತ್ತರಿಸಿ ಹೊಸ ನೋಟ್‌ಬುಕ್ಕಿಗೆ ಅಂಟಿಸುತ್ತಿದ್ದೇನೆ. ಎರಡು ಪಾಠಗಳಿಗೆ ಜೋಡಿ ಸಿಕ್ಕಿದೆ, ಮೂರನೆಯದಕ್ಕೆ ಇನ್ನೂ ಹುಡುಕಬೇಕು.