ಗೋಡೌನ್ ಮುಂದಿನ ಬ್ಯಾರಿಯರ್: ಒಂದು ಮಳೆಗಾಲ ಕಳೆದ ಮೇಲೆ

ಶಿವಮೊಗ್ಗದ ಮಾಚೇನಹಳ್ಳಿ ಇಂಡಸ್ಟ್ರಿಯಲ್ ಏರಿಯಾದಲ್ಲಿ ನಮ್ಮದೊಂದು ಅಡಿಕೆ ಗೋಡೌನ್. ಹೋದ ವರ್ಷ ಆಷಾಢದ ಜಡಿಮಳೆಯಲ್ಲಿ ರಿವರ್ಸ್ ತಗೊಳ್ತಿದ್ದ ಲಾರಿ ಜಾರಿ ಕರೆಂಟ್ ಪ್ಯಾನೆಲ್ ರೂಮಿನ ಗೋಡೆಗೆ ಗುದ್ದಿತು. ಹಮಾಲರು ಆಗಷ್ಟೇ ಚಾ ಕುಡಿಯೋಕೆ ಹೋಗಿದ್ದರು, ಪುಣ್ಯ.

ಆಮೇಲೆ ಊರಿನ ಒಂದು ಫ್ಯಾಬ್ರಿಕೇಶನ್ ಶಾಪಿನವರಿಂದ ಬ್ಯಾರಿಯರ್ ಹಾಕಿಸಿದೆ. ಹೈವೇ ಬದಿ ಇರುತ್ತಲ್ಲ, ಅಲೆಯಲೆ ತಗಡು, ಅದೇ. ಬಾಗಿಲ ಎರಡೂ ಕಡೆ ಕಾಂಕ್ರೀಟ್ ತುಂಬಿದ ಪೈಪ್ ಕಂಬ.

ತಗಡು ನೋಡಿ ಮೊದಲು ಮೂಗು ಮುರಿದಿದ್ದೆ, ಬಗ್ಗಿ ಹೋಗುತ್ತೆ ಅಂತ. ಬಗ್ಗೋದೇ ಅದರ ಕೆಲಸ! ಏಟನ್ನು ಒಂದಿಷ್ಟು ತಾನೇ ನುಂಗಿ, ಉಳಿದದ್ದನ್ನು ಅಕ್ಕಪಕ್ಕದ ಕಂಬಗಳಿಗೆ ಹಂಚುತ್ತೆ. ಅದಕ್ಕೇ ಹಿಂದೆ ಜಾಗ ಬೇಕು. ನಮ್ಮಲ್ಲಿ ಗೋಡೆಯಿಂದ ಎರಡೂವರೆ ಅಡಿ ಬಿಟ್ಟಿದ್ದಾರೆ. ಗೇಟಿನಲ್ಲಿ ಹಂಪ್ ಕೂಡ ಹಾಕಿಸಿ ಅಂದರು. ವೇಗ 10 ಕಿ.ಮೀ.ಯಿಂದ 20ಕ್ಕೆ ಏರಿದರೆ ಗುದ್ದುವ ಶಕ್ತಿ ದುಪ್ಪಟ್ಟಲ್ಲ, ನಾಲ್ಕು ಪಟ್ಟು. ಶಾಲೆಯಲ್ಲಿ ಓದಿದ ಲೆಕ್ಕ, ಆಗ ತಲೆಗೆ ಹೋಗಿರಲಿಲ್ಲ.

ಈ ಶ್ರಾವಣದಲ್ಲಿ ಪಿಕಪ್ ಒಂದು ಬಂದು ಬಡಿಯಿತು. ತಗಡಿನಲ್ಲಿ ಊಟದ ತಟ್ಟೆಯಷ್ಟು ತಗ್ಗು. ಗೋಡೆಯ ಸುಣ್ಣವೂ ಉದುರಲಿಲ್ಲ.

ಬೇಜಾರು ಒಂದೇ: ಗ್ಯಾಲ್ವನೈಸ್, ಅಂದ್ರೆ ತುಕ್ಕು ತಡೆಯೋ ಸತುವಿನ ಲೇಪ, ಇಲ್ಲದ ಬೋಲ್ಟ್ ಹಾಕಿದ್ದರು. ನಮ್ಮ ಮಳೆ ಗೊತ್ತಲ್ಲ, ಎರಡೇ ತಿಂಗಳಿಗೆ ಕಂಬದ ಬುಡದಲ್ಲಿ ಕೆಂಪು ನೀರು ಇಳಿಯೋಕೆ ಶುರು. ಮೂರು ಸಲ ಫೋನ್ ಮಾಡಿ ಬದಲಾಯಿಸಿಕೊಂಡೆ. ಐದಕ್ಕೆ ನಾಲ್ಕು ಕೊಡ್ತೀನಿ. ತೂಕದ ಮಷಿನ್ ಪಕ್ಕ ಹಮಾಲರು ಓಡಾಡೋ ಜಾಗಕ್ಕೂ ಅವರಿಗೇ ಹೇಳಿದ್ದೀನಿ, ಬೋಲ್ಟ್ ಮಾತ್ರ ಮೊದಲೇ ತೋರಿಸಬೇಕು ಅಂತ.