ತೋಟದ ವಾಲ್ವ್‌ಗೆ ಯಾವ ರಿಸೀವರ್: ಸದಾ ಎಚ್ಚರವಿರುವ ಡಯೋಡೋ, ಆಗಾಗ ಏಳುವ ಲೋರಾವೋ?

ನಮ್ಮ ಅಡಿಕೆ ತೋಟದ ಆರು ಹನಿ ನೀರಾವರಿ ವಾಲ್ವ್‌ಗಳಲ್ಲಿ ಈಗ ಕೆಲಸ ಮಾಡುತ್ತಿರುವುದು ಎಸ್‌ಎಕ್ಸ್1262 ಚಿಪ್ಪಿನ ಲೋರಾ ರೇಡಿಯೊ, ಅಂದರೆ ಕಡಿಮೆ ವಿದ್ಯುತ್ತಿನಲ್ಲಿ ದೂರದ ಸಂದೇಶ ಹಿಡಿಯುವ ರೇಡಿಯೊ. ಇನ್ನೊಂದು ತೋಟಕ್ಕೆ ಮಾಡಬೇಕಾಗಿ ಬಂದರೂ ನಾನು ಅದನ್ನೇ ಆರಿಸುತ್ತೇನೆ. ತ್ರೀ ಫೇಸ್ ಕರೆಂಟ್ ಯಾವ ಹೊತ್ತಿಗೆ ಬಂದೀತೆಂದು ಹೇಳಲಾಗದ ಕಡೆ, ಅದು ಬಂದ ಕೂಡಲೇ ಪಂಪ್‌ಹೌಸಿನ ಟ್ರಾನ್ಸ್‌ಮಿಟರ್ ಕಳುಹಿಸುವ ಕರೆಗೆ ವಾಲ್ವ್ ಓಗೊಡಬೇಕು. ಹಾಗೆಂದು ರೇಡಿಯೊವನ್ನು ಸದಾ ತೆರೆದಿಟ್ಟರೆ 4.6 ಮಿಲಿಆಂಪಿಯರ್ ಹರಿದು, 2400 ಮಿಲಿಆಂಪಿಯರ್-ಅವರ್ ಸೆಲ್ 22 ದಿನಕ್ಕೇ ಖಾಲಿಯಾಗುತ್ತದೆ.

ಮೊದಲು ಕೊಂಡದ್ದು ಎಎಸ್3933 ಎಂಬ ವೇಕ್-ಅಪ್ ರಿಸೀವರ್, ಅಂದರೆ ತಾನು ಸದಾ ಆಲಿಸುತ್ತಿದ್ದು ಕರೆ ಬಂದಾಗ ಮಾತ್ರ ಉಳಿದ ಸರ್ಕ್ಯೂಟನ್ನು ಎಬ್ಬಿಸುವ ಚಿಪ್ಪು. 865 ಮೆಗಾಹರ್ಟ್ಸ್ ಅಲೆಯನ್ನು 125 ಕಿಲೋಹರ್ಟ್ಸ್ ವೇಗದಲ್ಲಿ ಆನ್-ಆಫ್ ಮಾಡಿ ಕಳುಹಿಸಿ, ಈ ತುದಿಯಲ್ಲಿ ಶಾಟ್ಕಿ ಡಯೋಡಿನಿಂದ ಆ 125 ಕಿಲೋಹರ್ಟ್ಸನ್ನು ಮರಳಿ ಪಡೆದು ಚಿಪ್ಪಿಗೆ ಕೊಡುವ ವಿಧಾನವದು. 865 ಮೆಗಾಹರ್ಟ್ಸ್‌ನಲ್ಲಿ ಆಸಿಲೇಟರಾಗಲಿ ಮಿಕ್ಸರಾಗಲಿ ಓಡಬೇಕಿಲ್ಲವಾದ್ದರಿಂದ ನನ್ನ ಮೀಟರ್ ಬರೀ 4 ಮೈಕ್ರೋಆಂಪಿಯರ್ ತೋರಿಸಿತು. ಆದರೆ ಇಂಥ ಡಯೋಡಿಗೆ ಸುಮಾರು −50 ಡಿಬಿಎಂನಷ್ಟು (ಇದು ಸಿಗ್ನಲ್ ಬಲದ ಅಳತೆ, ಸೊನ್ನೆಗಿಂತ ಕೆಳಗಿಳಿದಷ್ಟೂ ಕ್ಷೀಣ) ಬಲವಾದ ಸಿಗ್ನಲ್ ಬೇಕು; ಲೋರಾ −120ಕ್ಕಿಂತ ಕ್ಷೀಣವಾದುದನ್ನೂ ಹಿಡಿಯುತ್ತದೆ. ಅಂಗಳದಲ್ಲಿ ಮೂವತ್ತು ಹೆಜ್ಜೆಯವರೆಗೂ ಎಚ್ಚರಗೊಳ್ಳುತ್ತಿದ್ದ ಪೆಟ್ಟಿಗೆ, ಮಳೆಯಲ್ಲಿ ನೆನೆದ ಸೋಗೆಗಳ ನಡುವೆ ಮೂರನೆಯ ಸಾಲಿನಲ್ಲೇ ಮೌನವಾಯಿತು.

ಲೋರಾವನ್ನು ಎರಡು ಸೆಕೆಂಡಿಗೊಮ್ಮೆ ಎಬ್ಬಿಸಿ, ಎಸ್‌ಎಫ್9 ಎಂಬ ವೇಗದ ಸೆಟ್ಟಿಂಗಿನ ಎರಡು ಸಿಂಬಲ್‌ಗಳಷ್ಟು (ಸಂಕೇತದ ತುಣುಕುಗಳಷ್ಟು), ಅಂದರೆ 8 ಮಿಲಿಸೆಕೆಂಡು ಆಲಿಸಲು ಬಿಟ್ಟರೆ ಸರಾಸರಿ 30 ಮೈಕ್ರೋಆಂಪಿಯರ್ ಸಾಕಾಗುತ್ತದೆ. ಪಂಪ್‌ಹೌಸಿನಿಂದ ಎರಡು ಸೆಕೆಂಡಿಗಿಂತ ಉದ್ದದ ಪ್ರಿಯಾಂಬಲ್, ಅಂದರೆ ಸಂದೇಶಕ್ಕೆ ಮುನ್ನ ಬರುವ ಎಚ್ಚರಿಸುವ ಸಂಕೇತ, ಕಳುಹಿಸಬೇಕಾಗುತ್ತದೆ. ಅಲ್ಲಿ ಮೇನ್ಸ್ ಕರೆಂಟ್ ಇರುವುದರಿಂದ ಚಿಂತೆಯಿಲ್ಲ.

ಲೋರಾದಲ್ಲಿ ಕಾಡಿದ್ದು ಒಂದೇ ವಿಷಯ, ಆದರೆ ಅದು ಎರಡು ವಾರ ತಿಂದಿತು. ಕಟ್ಟಕಡೆಯ ವಾಲ್ವ್ ಸತತವಾಗಿ ಆಲಿಸುವಾಗ ಒಂದು ಕರೆಯನ್ನೂ ಬಿಡುತ್ತಿರಲಿಲ್ಲ. ಮಲಗಿ ಏಳುವ ಕ್ರಮಕ್ಕೆ ಹಚ್ಚಿದೊಡನೆ ಹತ್ತರಲ್ಲಿ ಮೂರು ನಾಲ್ಕನ್ನು ಕಳೆದುಕೊಳ್ಳುತ್ತಿತ್ತು. ಆಂಟೆನಾ ಬದಲಿಸಿದೆ, ಪೆಟ್ಟಿಗೆಯನ್ನು ಗಳುವಿಗೆ ಕಟ್ಟಿ ಎತ್ತರಿಸಿದೆ, ಬೆಸುಗೆಯನ್ನೆಲ್ಲ ಹೊಸದಾಗಿ ಹಾಕಿದೆ.

ಕಾರಣ ಡೇಟಾಶೀಟಿನಲ್ಲೇ ಇತ್ತು. ರಿಸೀವರ್ ಗೇನ್ (ಕ್ಷೀಣ ಸಿಗ್ನಲನ್ನು ಹಿಗ್ಗಿಸುವ ಪ್ರಮಾಣ) ಹೆಚ್ಚಿಸುವ 08ಎಸಿ ರಿಜಿಸ್ಟರ್ (ಚಿಪ್ಪಿನೊಳಗಿನ ಸೆಟ್ಟಿಂಗ್ ಖಾನೆ), ಚಿಪ್ಪು ನಿದ್ರೆಯಲ್ಲಿ ನೆನಪಿಟ್ಟುಕೊಳ್ಳುವ ಪಟ್ಟಿಯಲ್ಲಿ ತಾನಾಗಿ ಸೇರುವುದಿಲ್ಲ. ಆದ್ದರಿಂದ ಒಮ್ಮೆ ಮಲಗಿ ಎದ್ದ ರೇಡಿಯೊ ವಿದ್ಯುತ್ ಉಳಿಸುವ ಕಡಿಮೆ ಗೇನ್‌ಗೆ ಮರಳಿರುತ್ತದೆ. ಆ ಪಟ್ಟಿಯ ಜಾಗವಾದ, 029ಎಫ್‌ನಿಂದ ಮೊದಲಾಗುವ ಮೂರು ಬೈಟ್‌ಗಳಲ್ಲಿ 08ಎಸಿ ವಿಳಾಸವನ್ನು ಬರೆದಿಟ್ಟ ದಿನದಿಂದ ಕಡೆಯ ವಾಲ್ವ್ ತಪ್ಪಿಲ್ಲ.

ಬ್ಲೂಟೂತನ್ನೂ ನೋಡಿದೆ, ದೂರ ಸಾಲದು.

ಒಂದೇ ಕೋಣೆಯೊಳಗಿನ ಸೆನ್ಸರ್‌ಗಾದರೆ, ಕರೆದ ಕ್ಷಣವೇ ಏಳಬೇಕೆಂದಿದ್ದರೆ, ಡಯೋಡನ್ನೇ ಆರಿಸುತ್ತಿದ್ದೆ. ತೋಟದಲ್ಲಿ ಎರಡು ಸೆಕೆಂಡು ತಡವಾದರೆ ನಷ್ಟವಿಲ್ಲ. ಮಳೆಗಾಲ ಮುಗಿದ ಮೇಲೆ ಪೆಟ್ಟಿಗೆಗಳನ್ನೆಲ್ಲ ತೆರೆದು ಇರುವೆಗೂಡು ತೆಗೆಯುವುದು ನನ್ನ ರೂಢಿ, ಬೇಕಾದರೆ ಸೆಲ್ಲನ್ನೂ ಆಗಲೇ ಬದಲಿಸಬಹುದಾದ್ದರಿಂದ, ಡಯೋಡಿನಿಂದ ಉಳಿಯುವ 26 ಮೈಕ್ರೋಆಂಪಿಯರಿಗಾಗಿ ನಾನು ದೂರವನ್ನು ಬಿಟ್ಟುಕೊಡಲಾರೆ.